ರೇಷ್ಮೆಯ ಬಿಸಿ

ಸಂಜೆ ಆರಕ್ಕೆ ಸರಿಯಾಗಿ ಮಗಳ ಫೋನು ಬರುತ್ತಿತ್ತು. ಊಟ ಆಯ್ತಾ, ಹೇಗಿದ್ದೀಯ ಎಂಬ ಮಾತೇ ಇಲ್ಲ. ನೆಟ್ಟಗೆ ವಿಷಯಕ್ಕೇ ಬರುತ್ತಿದ್ದಳು.

“ಅಪ್ಪಾ, ಯಜಮಾನ ಕಕ್ಕ ಮಾಡಿದ್ನಾ?”

“ಹೂಂ ಮಗಾ, ಮಾಡಿದ. ಚೆನ್ನಾಗೇ ಮಾಡಿದ.”

ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಇಸ್ತ್ರಿಪೆಟ್ಟಿಗೆ, ಅದರಡಿ ಯಾರದೋ ಅಂಗಿಯ ಕಾಲರು. ಹೀಗೆ ನಿಂತುಕೊಂಡೇ ಇಸ್ತ್ರಿಯವ ಐದು ಸಂಜೆ ಸುಳ್ಳು ಹೇಳಿದ.

ಯಜಮಾನ ಎಂದರೆ ಮನೆಯ ಹಿರಿಯನಲ್ಲ. ಗಡ್ಡದ ಓತಿಕ್ಯಾತದ ನಾಲ್ಕು ತಿಂಗಳ ಮರಿ. ಮೂಗಿನಿಂದ ಬಾಲದ ತುದಿಯವರೆಗೆ ಒಂದು ಗೇಣು, ಮಣ್ಣಿನ ಬಣ್ಣ, ಗದ್ದದ ಕೆಳಗೆ ಮುಳ್ಳುಮುಳ್ಳಾದ ಗಡ್ಡ. ಮಗಳು ವರ್ಷವಿಡೀ ಕಾಡಿ ಬೇಡಿ ತರಿಸಿಕೊಂಡದ್ದು. ಗಾಜಿನ ಪೆಟ್ಟಿಗೆಯೊಳಗೆ ಚಪ್ಪಟೆ ಕಲ್ಲಿನ ಮೇಲೆ ಮುಂಗಾಲೂರಿ, ಮುಖ ಎತ್ತಿ, ಬಂದವರನ್ನೆಲ್ಲ ‘ಏನು ಸಮಾಚಾರ’ ಎಂಬಂತೆ ನೋಡುವ ಆ ಗತ್ತಿಗೆ ಅವಳೇ ಇಟ್ಟ ಹೆಸರು ಅದು. ರಜೆಗೆ ಅಮ್ಮನ ಜೊತೆ ದೊಡ್ಡಮ್ಮನ ಮನೆಗೆ ಹತ್ತು ದಿನ ಹೊರಟಾಗ ಅಪ್ಪನ ಕೈಗೆ ಒಂದು ಚೀಟಿ ಕೊಟ್ಟಿದ್ದಳು. ಎಷ್ಟು ಹುಳ, ಎಷ್ಟು ಸೊಪ್ಪು, ಪೆಟ್ಟಿಗೆಗೆ ಬಿಸಿ ಕೊಡುವ ಕರೆಂಟ್ ದೀಪ ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು. ಕೊನೆಗೆ ಕೆಂಪು ಶಾಯಿಯಲ್ಲಿ: ದೀಪದ ಎತ್ತರ ಮುಟ್ಟಬೇಡ.

ಮುಟ್ಟಬೇಡ ಎಂದದ್ದನ್ನು ಅವನು ಮೊದಲನೇ ದಿನವೇ ಮುಟ್ಟಿದ.

ಕಾರಣವಿಲ್ಲದೆ ಅಲ್ಲ. ದೀಪದ ಕೆಳಗಿನ ಕಲ್ಲಿನ ಮೇಲೆ ಕೈ ಇಟ್ಟು ನೋಡಿದರೆ ಚುರ್ ಎಂದಿತು. ಮೂವತ್ತು ವರ್ಷ ಬಿಸಿ ಮುಟ್ಟಿ ಮುಟ್ಟಿ ಮರಗಟ್ಟಿದ ತನ್ನ ಅಂಗೈಗೇ ಹೀಗಾದರೆ ಈ ಬಡಪಾಯಿ ಮರಿಯ ಹೊಟ್ಟೆಯ ಗತಿ ಏನು? ಆಗ ತನ್ನ ಅಮ್ಮ ನೆನಪಾದಳು.

ಅಂಗಡಿ ಅಮ್ಮನದು. ಅವಳ ಕಾಲದಲ್ಲಿ ಕರೆಂಟಿನ ಪೆಟ್ಟಿಗೆ ಎಲ್ಲಿತ್ತು? ಇದ್ದಿಲ ಪೆಟ್ಟಿಗೆ, ಎತ್ತಿದರೆ ಭುಜ ಕಳಚುವಷ್ಟು ಭಾರ. ಅಮ್ಮ ಮುಚ್ಚಳ ತೆಗೆದು ಕೆಂಡ ಊದುವಳು. ಪಕ್ಕದ ಹಿತ್ತಾಳೆ ಬೋಗುಣಿಯಲ್ಲಿ ಬೆರಳದ್ದಿ ಬಟ್ಟೆಗೆ ನೀರು ಚಿಮುಕಿಸುವಳು. ಪೆಟ್ಟಿಗೆ ಸಾಗಿದ ದಾರಿಯಲ್ಲೆಲ್ಲ ಚುಂಯ್ ಎಂದು ಹಬೆ ಏಳುವುದು. ಒದ್ದೆ ಹತ್ತಿಯ ಆ ವಾಸನೆಯಲ್ಲೇ ಅಕ್ಕ ತಮ್ಮ ಇಬ್ಬರೂ ಬೆಳೆದರು. ಹನ್ನೆರಡನೇ ವಯಸ್ಸಿನಲ್ಲಿ ಅವನು ಮೊದಲ ಸಲ ಒಬ್ಬನೇ ಪೆಟ್ಟಿಗೆ ಹಿಡಿದು, ಸಂಗೀತದ ಟೀಚರಮ್ಮನ ತಿಳಿನೀಲಿ ಶಾಲಿನ ನಟ್ಟನಡುವೆ ಪೆಟ್ಟಿಗೆಯ ಮೂತಿಯನ್ನು ಒತ್ತಿಬಿಟ್ಟಿದ್ದ. ಅಮ್ಮ ಹೊಡೆಯಲಿಲ್ಲ. ಶಾಲನ್ನು ಬೆಳಕಿಗೆ ಹಿಡಿದು, ಸುಟ್ಟ ತೂತಿನಾಚೆಯಿಂದ ಅವನನ್ನೇ ನೋಡುತ್ತ ಹೇಳಿದಳು:

“ಗೊತ್ತಿಲ್ಲದ ಬಟ್ಟೆ ಕೈಗೆ ಬಂದ್ರೆ ರೇಷ್ಮೆ ಅಂದ್ಕೋ. ರೇಷ್ಮೆ ಬಿಸಿಯಲ್ಲೇ ಶುರು ಮಾಡು. ಸುಕ್ಕು ಉಳಿದ್ರೆ ಇನ್ನೊಂದ್ಸಲ ಉಜ್ಜಬಹುದು. ಸುಟ್ಟದ್ದು ಸುಟ್ಟದ್ದೇ.”

ಓತಿಕ್ಯಾತ ಅವನಿಗೆ ಗೊತ್ತಿಲ್ಲದ ಬಟ್ಟೆ. ದೀಪವನ್ನು ಒಂದು ಮೊಳ ಮೇಲಕ್ಕೇರಿಸಿ, ಕೈ ಹಿಡಿದು ನೋಡಿದ. ರೇಷ್ಮೆ ಬಿಸಿ. ಅಮ್ಮ ಮೆಚ್ಚುತ್ತಿದ್ದಳು.

ಎರಡು ದಿನ ಯಜಮಾನ ಹುಳ ತಿಂದ. ಮೂರನೇ ದಿನ ಮುಖ ತಿರುಗಿಸಿದ. ನಾಲ್ಕನೇ ದಿನ ಗತ್ತು ಬಿಟ್ಟು ಕಲ್ಲಿನ ಮೇಲೆ ಒಣಗಲು ಹಾಕಿದ ಕರವಸ್ತ್ರದಂತೆ ಮಲಗಿದ. ಐದನೇ ದಿನ ಗಡ್ಡ ಕಪ್ಪಾಯಿತು, ಹೊಟ್ಟೆ ತಲೆದಿಂಬಿನಂತೆ ಊದಿತು. ಒಳಗೆ ಹೋದದ್ದು ಒಂದೂ ಹೊರಗೆ ಬಂದಿರಲಿಲ್ಲ. ನಿಜ ಹೇಳಿದರೆ ಮಗಳ ರಜೆ ಅಲ್ಲಿಗೇ ಮುಗಿಯಿತು. ನಾಳೆ ಹೇಗೂ ಆಗುತ್ತದೆ, ಆಗ ಹೇಳಿದ ಸುಳ್ಳೂ ನಿಜವಾಗುತ್ತದೆ ಎಂದುಕೊಂಡು ದಿನ ನೂಕಿದ.

ಆರನೇ ದಿನ ಬೆಳಿಗ್ಗೆ ಅಕ್ಕ ಬಂದಳು. ಅವಳ ಮನೆ ಎರಡು ಬೀದಿ ಆಚೆ. ಬೆಳಿಗ್ಗೆ ಬಂದು ಬಟ್ಟೆ ಮಡಿಸಿ, ಸಂಜೆ ಐದಕ್ಕೆ ಹೊರಟುಬಿಡುವಳು. ಓತಿಕ್ಯಾತದ ಕಡೆ ತಿರುಗಿಯೂ ನೋಡದವಳು. ಇವತ್ತು ಚೀಲ ಕೂಡ ಕೆಳಗಿಡದೆ ಒಳಕೋಣೆಗೆ ನುಗ್ಗಿ ಗಾಜಿಗೆ ಮೂಗು ಒತ್ತಿದಳು.

“ಇದು ಹೊರಗೆ ಹೋಗಿ ಎಷ್ಟು ದಿನ ಆಯ್ತೋ?”

“ನಿನ್ನೆ ತಾನೆ...”

“ನನ್ನ ಹತ್ರ ಬೇಡ. ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು.”

“ಆರು ದಿನ,” ಎಂದ ಇಸ್ತ್ರಿಯವ.

ಅಕ್ಕ ರಟ್ಟಿನ ಡಬ್ಬಿಗೆ ಟವೆಲ್ ಹಾಸಿ, ಯಜಮಾನನನ್ನು ಕೂರಿಸಿಕೊಂಡು ಅಂಗಡಿಯ ಬಾಗಿಲು ಎಳೆದೇಬಿಟ್ಟಳು.

ಪ್ರಾಣಿಗಳ ಡಾಕ್ಟರಮ್ಮ ಎರಡು ಬೆರಳಿನಿಂದ ಮರಿಯ ಹೊಟ್ಟೆ ಸವರಿ, ಹಿಂಗಾಲು ಎಳೆದು ನೋಡಿದಳು. ಮರಿ ಒದ್ದಿತು. “ಸದ್ಯ, ಕಾಲಲ್ಲಿ ಶಕ್ತಿ ಇದೆ. ಮರಳು ಗಿರಳು ತಿಂದಿದ್ಯಾ?”

“ಇಲ್ಲಮ್ಮ. ಕೆಳಗೆ ಕಾಗದ ಹಾಸಿದೀವಿ.”

“ಹುಳ ದೊಡ್ಡದೇನಾದ್ರೂ?”

“ಅದರ ಎರಡು ಕಣ್ಣಿನ ನಡುವೆ ಎಷ್ಟು ಜಾಗ ಇದೆಯೋ ಅಷ್ಟೇ ಗಾತ್ರದ್ದು. ಮಗಳು ಬರೆದಿಟ್ಟಿದಾಳೆ.”

“ಮತ್ತೆ ದೀಪ?”

ಇಸ್ತ್ರಿಯವ ರೇಷ್ಮೆಯ ಕಥೆಯನ್ನೆಲ್ಲ ಹೇಳಿದ. ಶಾಲಿನ ತೂತನ್ನೂ ಬಿಡಲಿಲ್ಲ. ಡಾಕ್ಟರಮ್ಮ ನಗಲಿಲ್ಲ, ಅಕ್ಕ ಮಾತ್ರ ಗೋಡೆಯ ಕಡೆ ತಿರುಗಿ ಕೆಮ್ಮಿದಳು.

“ನೋಡಪ್ಪ, ನಮ್ಮ ಹೊಟ್ಟೆಯೊಳಗೆ ಒಲೆ ಇದೆ. ಇದರ ಒಲೆ ಹೊರಗಿದೆ. ಆ ದೀಪವೇ ಒಲೆ. ನೀನು ಒಲೆ ಆರಿಸಿ ಅನ್ನ ಬೇಯಲಿಲ್ಲ ಅಂತಿದೀಯ. ದೀಪ ಮೊದಲಿದ್ದ ಜಾಗಕ್ಕೆ ತಾ. ಕೈ ಇಟ್ಟು ನೋಡೋದು ಬಿಡು, ಕಲ್ಲಿನ ಹತ್ರ ಥರ್ಮಾಮೀಟರ್ ಇಡು, ನಲವತ್ತರ ಆಸುಪಾಸು ಇರಲಿ. ಹೊಟ್ಟೆ ಖಾಲಿ ಆಗೋವರೆಗೂ ತಿನ್ನೋದಕ್ಕೆ ಹಾಕಬೇಡ. ಭುಜ ಮುಳುಗೋಷ್ಟು ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿ, ಹೊಟ್ಟೆನ ಹಿಂದಕ್ಕೆ ಮೆಲ್ಲಗೆ ಸವರು. ನಾಳೆ ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಎಕ್ಸ್‌ರೇ ತೆಗೀಬೇಕು. ಕತ್ತರಿ ಹಿಡಿಯೋ ಪ್ರಸಂಗ ಬಂದ್ರೆ, ಇಷ್ಟು ಸಣ್ಣ ಮರಿ ತಡ್ಕೊಳ್ಳುತ್ತೆ ಅಂತ ಮಾತು ಕೊಡಲಾರೆ.”

ಅವತ್ತು ಮಧ್ಯಾಹ್ನ ದೀಪ ಕೆಳಗಿಳಿಸಿ, ಮರಿಯನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಿದರು. ಕಾಲು ಜಾರಿ ಯಜಮಾನ ಗಾಬರಿಬಿದ್ದು, ಇಸ್ತ್ರಿಯವನ ತೋಳು ಹತ್ತಿ ಹೆಗಲವರೆಗೂ ಗೀರು ಎಳೆದ. ಬೇರೇನೂ ಆಗಲಿಲ್ಲ. ಆರಕ್ಕೆ ಫೋನು ಹೊಡೆದುಕೊಂಡಿತು. ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುವವರೆಗೂ ಅವನು ಒಂದೇ ದಿಂಬಿನ ಗವಸನ್ನು ಉಜ್ಜುತ್ತಿದ್ದ.

ಮರುದಿನ ಮಧ್ಯಾಹ್ನ ಅಕ್ಕ ಸ್ಟೂಲು ಹತ್ತಿ ಅಟ್ಟದ ಮೇಲಿಂದ ಅಮ್ಮನ ಹಿತ್ತಾಳೆ ಬೋಗುಣಿ ಇಳಿಸಿದಳು. ಅಮ್ಮ ಹೋದಮೇಲೆ ಯಾರೂ ಅದಕ್ಕೆ ನೀರು ಹಾಕಿರಲಿಲ್ಲ.

“ಅಕ್ಕಾ, ಇದ್ರಲ್ಲಾ?”

“ಜಾರಲ್ಲ ಇದು. ತಳಕ್ಕೆ ಬಟ್ಟೆ ಮಡಿಸಿ ಹಾಕ್ತೀನಿ, ಹಿಡಿತ ಸಿಗುತ್ತೆ. ನೀರು ಬಿಡು. ಏಯ್, ಕೈ ಅದ್ದಬೇಡ! ನಿನ್ನ ಕೈ ಚರ್ಮ ಸತ್ತು ಯಾವ ಕಾಲ ಆಯ್ತು. ಅಮ್ಮ ಹೇಗೆ ನೋಡ್ತಿದ್ಲು?”

ಅಮ್ಮ ಹೇಗೆ ನೋಡುತ್ತಿದ್ದಳು? ಕೆನ್ನೆಗೆ ಒತ್ತಿ. ಬೋಗುಣಿಯ ಮೈಗೆ ಅವನು ಕೆನ್ನೆ ತಾಗಿಸಿದ. ಹಿತ್ತಾಳೆ ಬೆಚ್ಚಗಿತ್ತು, ಅಷ್ಟೇ. ಅಷ್ಟಕ್ಕೇ ಎಲ್ಲಾ ನೆನಪಿಗೆ ಬಂತು. ಏಳೆಂಟು ವರ್ಷದವನಾಗಿದ್ದಾಗ ಕಾಯಿ ಸೀಬೆ ತಿಂದು ಮೂರು ದಿನ ಹೊಟ್ಟೆ ಕಟ್ಟಿಕೊಂಡು ಈ ಮೇಜಿನ ಕೆಳಗೇ ಮುದುಡಿ ಮಲಗಿದ್ದ. ಅಮ್ಮ ಹಳೇ ದುಪ್ಪಟಿಯನ್ನು ನಾಲ್ಕು ಮಡಿಕೆ ಮಾಡಿ, ಇಸ್ತ್ರಿ ಹಾಕಿ, ತನ್ನ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಅವನ ಹೊಟ್ಟೆಯ ಮೇಲಿಟ್ಟಿದ್ದಳು. ಒಂದು ಕೈ ಮೇಜಿನ ಮೇಲೆ ಊರವರ ಬಟ್ಟೆಗೆ, ಇನ್ನೊಂದು ಕೈ ಕೆಳಗೆ ಇವನ ಹೊಟ್ಟೆಗೆ. ಆ ಬಿಸಿ ರೇಷ್ಮೆಯದಾಗಿರಲಿಲ್ಲ. ದಪ್ಪ ಹತ್ತಿಯದು.

“ಬೆಚ್ಚಗಿಟ್ಕೋ, ಹೋಗುತ್ತೆ ಬಿಡು, ಅಂತಿದ್ಲು,” ಎಂದ.

“ಹೋಗಿದ್ದೂ ಗೊತ್ತು ನಂಗೆ. ದುಪ್ಪಟಿ ಒಗೆದವಳು ನಾನೇ.”

ಯಜಮಾನ ನೀರಿಗಿಳಿದ. ಬಾಲ ಬೋಗುಣಿಯ ಅಂಚಿನಾಚೆ ನೇತಾಡಿತು. ಇಸ್ತ್ರಿಯವ ಹೆಬ್ಬೆರಳಿನಿಂದ ಎದೆಯ ಕೆಳಗಿನಿಂದ ಹಿಂದಕ್ಕೆ, ಮೆಲ್ಲಗೆ, ಎಳೆಯ ರೇಷ್ಮೆಯ ಅಂಚು ಸರಿಮಾಡುವಂತೆ ಸವರಿದ. ಐದು ನಿಮಿಷ. ಹತ್ತು ನಿಮಿಷ. ಅಕ್ಕ ಆಗಾಗ ಬಿಸಿನೀರು ಬೆರೆಸುತ್ತಿದ್ದಳು. ಹೊರಗೆ ಯಾರೋ ಗಿರಾಕಿ ಎರಡು ಸಲ ಕೂಗಿದರು, “ಮುಚ್ಚಿದೆ!” ಎಂದು ಒಳಗಿನಿಂದಲೇ ಗದರಿದಳು. ಮರಿ ಕಣ್ಣು ಅರೆಮುಚ್ಚಿತು. ಬಾಲ ಮೇಲೆದ್ದಿತು.

“ಅಯ್ಯೋ! ಅಮ್ಮನ ಬೋಗುಣಿಯಲ್ಲಿ!” ಎಂದು ಕಿರುಚಿದಳು ಅಕ್ಕ, ಮುಖವೆಲ್ಲ ನಗುವಾಗಿ.

ಇಸ್ತ್ರಿಯವ ಆರು ಗಂಟೆಗೆ ಕಾಯಲಿಲ್ಲ. ಒದ್ದೆ ಕೈಯಲ್ಲೇ ತಾನೇ ಫೋನು ಮಾಡಿದ.

“ಮಗಾ, ಯಜಮಾನ ಕಕ್ಕ ಮಾಡಿದ. ಈಗ. ಬೆಚ್ಚಗಿನ ಸ್ನಾನ ಮಾಡಿಸಿದ್ಮೇಲೆ. ಇಷ್ಟು ದಿನ ನಾನು ಹೇಳಿದ್ದು ಸುಳ್ಳು. ದೀಪಾನೂ ಮುಟ್ಟಿದ್ದೆ. ತಪ್ಪಾಯ್ತು.”

“ಗೊತ್ತಿತ್ತು,” ಎಂದಳು ಮಗಳು. “ಅವನು ದಿನ ಬಿಟ್ಟು ದಿನ ಮಾಡೋದು. ನೀನು ದಿನಾ ಮಾಡಿದ, ದಿನಾ ಮಾಡಿದ ಅಂತಿದ್ದೆ. ಅದಕ್ಕೇ ಅತ್ತೆಗೆ ಫೋನ್ ಮಾಡ್ದೆ.”

ಅವನು ತಿರುಗಿ ನೋಡಿದ. ಅಕ್ಕ ತಲೆ ಎತ್ತದೆ ಬೋಗುಣಿ ಉಜ್ಜುತ್ತಿದ್ದಳು.

“ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತಾರೆ,” ಎಂದಳು. “ಈ ಸಲ ಬೇಲಿ ನಿನ್ನ ಕಡೆ ಇರ್ಲಿಲ್ಲ, ಅಷ್ಟೇ.”

“ಅಪ್ಪಾ, ಯಾವುದ್ರಲ್ಲಿ ಸ್ನಾನ ಮಾಡಿಸಿದ್ರಿ?”

“ಅಜ್ಜಿ ನೀರು ಚಿಮುಕಿಸ್ತಿದ್ದ ಬೋಗುಣಿಯಲ್ಲಿ.”

ಅಜ್ಜಿಯನ್ನು ಮಗಳು ನೋಡಿದವಳಲ್ಲ.

“ಅಜ್ಜಿ ಇದ್ದಿದ್ರೆ ಬೈತಿದ್ರಾ?”

ಟವೆಲಿನೊಳಗಿಂದ ಯಜಮಾನ ಗಡ್ಡ ಹೊರಗಿಟ್ಟು, ಏನು ಸಮಾಚಾರ ಎಂಬಂತೆ ನೋಡಿದ. ಗಡ್ಡದ ಕಪ್ಪು ತಿಳಿಯಾಗುತ್ತಿತ್ತು.

“ಮೊದಲು ನೀರಿನ ಬಿಸಿ ಸರಿ ಇತ್ತಾ ಅಂತ ಕೇಳ್ತಿದ್ಲು,” ಎಂದ ಇಸ್ತ್ರಿಯವ. “ಆಮೇಲೆ ಬೈತಿದ್ಲು.”