ಹತ್ತನೆಯ ಡಿಗ್ರಿ

"ಕಿತ್ತಾಕು ಅದನ್ನ!" ಎಂದು ಗುಡುಗಿದರು ತೊಕ್ತೊಬೆಕ್ ಅಗಾಯ್.

ಬುರುಲ್ ಗಾಳಿಸುರಂಗದೊಳಗೆ ಅರ್ಧ ಮೈ ತೂರಿಸಿಕೊಂಡು, ವಿಮಾನದ ರೆಕ್ಕೆಯ ಮಾದರಿಯ ಮೇಲೆ, ಗಾಳಿ ಹರಿಯುವ ದಾರಿ ಕಾಣಲೆಂದು, ಉಣ್ಣೆಯ ಎಳೆಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದಳು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಅಗಾಯ್ ಬೈಯುತ್ತಿದ್ದದ್ದು ಆ ಕಾಲುಗಳಿಗೇ. ವಿಭಾಗದ ಮುಖ್ಯಸ್ಥರು ಅವರು, ಅವಳ ಸಂಶೋಧನೆಯ ಮೇಷ್ಟ್ರೂ, ಅಲ್ಲಿಯ ಮಾತಿನಲ್ಲಿ ‘ಅಗಾಯ್’, ಅವರೇ. ಅವರು ಸೀನಿದರೆ ನಾಲ್ಕನೇ ಮಹಡಿಯ ಕಿಟಕಿಗಳು ತಾವೇ ತೆರೆದುಕೊಳ್ಳುತ್ತಿದ್ದವಂತೆ.

"ಸಚಿವಾಲಯದೋರು ಮೆಟ್ಟಿಲು ಹತ್ತಾ ಇದಾರೆ. ಅವ್ರಿಗೆ ಕುರಿಕೂದ್ಲು ತೋರಿಸ್ತೀಯಾ? ಕಂಪ್ಯೂಟರ್ ಚಿತ್ರ ಬಣ್ಣಬಣ್ಣವಾಗಿದೆಯಲ್ಲ!"

ಬುರುಲ್ ಹೊರಗೆ ಬಂದಳು. ಮೂಗಿಗೂ ಅಂಟು ಮೆತ್ತಿತ್ತು. "ಕಂಪ್ಯೂಟರ್ ಹದಿನಾಲ್ಕು ಡಿಗ್ರಿ ಅನ್ನತ್ತೆ ಅಗಾಯ್. ಉಣ್ಣೆ ಹತ್ತು ಅನ್ನತ್ತೆ."

"ಉಣ್ಣೆ ಯಾವ ಯೂನಿವರ್ಸಿಟೀಲಿ ಓದಿದ್ಯಮ್ಮಾ?"

"ನರಿನ್‌ನಲ್ಲಿರೋ ನಮ್ಮಜ್ಜಿ ಕುರೀದು. ಓದಿಲ್ಲ. ಅದಕ್ಕೇ ಸುಳ್ಳು ಹೇಳಕ್ಕೆ ಬರಲ್ಲ."

ವಿಷಯ ಇಷ್ಟೇ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಹೋಗಿ ಗುಡಾರ ಹಾಕುವವರಿಗೆ ಔಷಧಿ ಒಯ್ಯಲು ಒಂದೇ ಆಸನದ ಪುಟ್ಟ ವಿಮಾನ ತಯಾರಾಗುತ್ತಿತ್ತು. ಮೂತಿ ಹದಿನಾಲ್ಕು ಡಿಗ್ರಿ ಎತ್ತಿದರೂ ಗಾಳಿ ಅದರ ರೆಕ್ಕೆಯನ್ನು ಬಿಡುವುದಿಲ್ಲವೆಂದು ಅಗಾಯ್ ಲೇಖನ ಬರೆದು ಪದಕವನ್ನೂ ಪಡೆದಿದ್ದರು. ಬುರುಲ್ ಮೂವತ್ತು ಸಲ ಪರೀಕ್ಷೆ ಮಾಡಿದ್ದಳು. ಮೂವತ್ತು ಸಲವೂ ಗಾಳಿ ಹತ್ತಕ್ಕೇ ಕೈಕೊಟ್ಟಿತ್ತು. ಗಾಳಿ ರೆಕ್ಕೆಯನ್ನು ಬಿಟ್ಟರೆ ವಿಮಾನ ಕಲ್ಲು. ಸೋಮವಾರ ಅದನ್ನು ಹಾರಿಸಬೇಕಾದ ಪೈಲಟ್ ಮಕ್ಸತ್ ಅತಿಥಿಗಳ ಜೊತೆಯಲ್ಲೇ ಒಳಗೆ ಬಂದ.

ಉಣ್ಣೆ ಕೀಳಲು ಹೊತ್ತಿರಲಿಲ್ಲ. ಅಗಾಯ್ ಅವಳ ಕಿವಿಯ ಹತ್ತಿರ ಬಗ್ಗಿದರು. "ಎಂಟಕ್ಕೆ ನಿಲ್ಸು. ಆಮೇಲೆ ಚಹಾ. ನಿನ್ನ ಥೀಸಿಸ್ ನನ್ನ ಸಹಿಗೆ ಕಾಯ್ತಾ ಇದೆ, ನೆನಪಿರ್ಲಿ."

ಸುರಂಗ ನೋಡಿಕೊಳ್ಳುತ್ತಿದ್ದ, ಎಲ್ಲರೂ ‘ಬಾಯ್ಕೆ’ ಅಂದರೆ ಅಣ್ಣ ಎಂದು ಕರೆಯುವ ಶಾರ್ಶೆನ್ ಅದರ ಫ್ಯಾನ್ ಹಾಕಿದ. ಅದು ತಿರುಗಿದರೆ ಪಕ್ಕದ ಬೀದಿಯಲ್ಲಿ ಟೋಪಿಗಳು ಹಾರುತ್ತವೆ ಎಂಬ ಮಾತಿತ್ತು; ಒಂದು ಟೋಪಿಯಂತೂ ನಿಜ. ಬುರುಲ್ ರೆಕ್ಕೆಯ ಮೂತಿ ಎತ್ತುವ ಕೈಚಕ್ರ ತಿರುಗಿಸಿದಳು. ನಾಲ್ಕು. ಆರು. ಎಂಟು. ಎಳೆಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ ರೆಕ್ಕೆಗೆ ಒತ್ತಿಕೊಂಡಿದ್ದವು. ಅತಿಥಿಗಳು ಚಪ್ಪಾಳೆ ತಟ್ಟಿದರು.

"ಬನ್ನಿ, ಬನ್ನಿ, ಚಹಾ!" ಎಂದು ಅಗಾಯ್ ಕೂಗಿದರು.

ಎಲ್ಲರೂ ಎಣ್ಣೆಯಲ್ಲಿ ಕರಿದ ಬಿಸಿಬಿಸಿ ಹಿಟ್ಟಿನುಂಡೆ ಬೊರ್ಸೋಕ್‌ಗಳ ತಟ್ಟೆಯತ್ತ ತಿರುಗಿದರು. ಮಕ್ಸತ್ ಮಾತ್ರ ರೆಕ್ಕೆಯನ್ನೇ ನೋಡುತ್ತ ನಿಂತಿದ್ದ. ಬುರುಲ್ ಅವನನ್ನು ನೋಡಿದಳು. ನಾಲ್ಕು ವರ್ಷದ ದುಡಿಮೆ ಒಂದು ಸಹಿಯ ಮೇಲೆ ನಿಂತಿತ್ತು. ಆದರೂ ಚಕ್ರ ತಿರುಗಿಸಿದಳು.

ಒಂಬತ್ತು. ಹತ್ತು.

ರೆಕ್ಕೆಯ ತುದಿಯ ಎಳೆಗಳು ಎದ್ದು ನಿಂತವು, ಒದ್ದಾಡಿದವು, ತೋಳ ಕಂಡ ಕುರಿಹಿಂಡಿನಂತೆ ದಿಕ್ಕಾಪಾಲಾಗಿ ಹಿಂದುಮುಂದಾದವು.

"ನಿಲ್ಸು! ಬಾಯ್ಕೆ, ಆಫ್ ಮಾಡಿ!"

ಶಾರ್ಶೆನ್ ಕಿವಿಗೆ ಕೈಯಿಟ್ಟ. "ಏನೂ ಕೇಳ್ತಿಲ್ಲ ಅಗಾಯ್! ಮೂವತ್ತು ವರ್ಷ ಈ ರಾಕ್ಷಸನ ಪಕ್ಕ ಕೂತು ಕಿವಿ ಹೋಗಿದೆ!" ಮೊನ್ನೆ ತಾನೇ ಪಕ್ಕದ ಕೋಣೆಯಲ್ಲಿ ಚಹಾ ಕುದಿಯುವುದನ್ನು ಅವನು ಇಲ್ಲಿಂದಲೇ ಕೇಳಿಸಿಕೊಂಡಿದ್ದ.

ಮಕ್ಸತ್ ಅವಳ ಬಳಿ ಬಂದು ಅರಚಿದ. "ತಂಗೀ, ಆ ಎಳೆಗಳು ಹಂಗೆ ಎದ್ದಾಗ ನಾನು ಎಲ್ಲಿರ್ತೀನಿ?"

"ಕೆಳಗೆ."

"ಎಷ್ಟು ಕೆಳಗೆ?"

"ವಿಮಾನದ ಬಾಗ್ಲು ತೆಗೆದು ಇಳಿಯೋ ಕೆಲಸವೇ ಇರಲ್ಲ, ಅಷ್ಟು."

ಅಗಾಯ್ ಮುಖ ಬೀಟ್‌ರೂಟಿನಂತಾಗಿತ್ತು. "ನಾನು ಸಹಿ ಹಾಕಲ್ಲ! ಕೇಳಿಸ್ತಾ? ಈ ಜನ್ಮದಲ್ಲಿ ಹಾಕಲ್ಲ!"

"ಹಾಕ್ಬೇಡಿ ಅಗಾಯ್. ಹತ್ತು ಹತ್ತೇ."

ಅಗಾಯ್ ಬಾಗಿಲು ಬಡಿದುಕೊಂಡು ಹೋದರು. ಅತಿಥಿಗಳು ಪಿಂಗಾಣಿ ಬಟ್ಟಲು ಹಿಡಿದುಕೊಂಡು, ಕುಡಿಯಬೇಕೋ ಇಡಬೇಕೋ ತಿಳಿಯದೆ ನಿಂತರು.

"ಸೋಮವಾರ ನಾನು ಆ ವಿಮಾನ ಹತ್ತಲ್ಲ," ಎಂದು ಮಕ್ಸತ್ ಅವರಿಗೆ ಕೇಳುವಂತೆ ಕೂಗಿದ. ಆಮೇಲೆ ಬುರುಲ್ ಕಡೆ ತಿರುಗಿದ. "ಇನ್ನೊಂದ್ಸಲ. ನಿಧಾನಕ್ಕೆ."

ಅವಳು ಚಕ್ರವನ್ನು ಸೊನ್ನೆಗೆ ತಂದು ಮತ್ತೆ ತಿರುಗಿಸತೊಡಗಿದಳು. ಮಕ್ಸತ್ ಸುರಂಗದ ಗಾಜಿಗೆ ಮುಖ ಒತ್ತಿ ನಿಂತ. ಅವನ ಉಸಿರಿಗೆ ಗಾಜು ಮಂಜಾಯಿತು. ತೋಳಿನಿಂದ ಒರೆಸಿ, ಮತ್ತೆ ಕಣ್ಣಿಟ್ಟ.