ಎಪ್ಪತ್ತೊಂದು ಸಿಗುವುದಿಲ್ಲ

ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ಗಣಿತ ಗೋಷ್ಠಿಯಲ್ಲಿ ಹೆಂಗಸರಿಗೆ ಕಿವಿ ಇರಬಹುದು, ಬಾಯಿ ಇರಬಾರದು. ಸಾಸೇಜು ಅಂಗಡಿಯವನ ಮಗಳು ಟೆಕ್ಲಾ ಬ್ರೂನ್ಸ್ ಎರಡು ವರ್ಷ ಹಾಗೆಯೇ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದಳು. ಆರು ತಿಂಗಳಿಗೊಮ್ಮೆ ಪ್ರೊಫೆಸರ್ ಓಲ್ಡೆಕೊಪ್ ಅವಳ ಅನುಮತಿ ಪತ್ರಕ್ಕೆ ರುಜು ಹಾಕಬೇಕು, ಇಲ್ಲದಿದ್ದರೆ ಬಾಗಿಲೊಳಗೆ ಬಿಡುವುದಿಲ್ಲ. ಇವತ್ತು ರುಜುವಿನ ದಿನ. ಪತ್ರ ಅವರ ಮೇಜಿನ ಮೇಲಿತ್ತು.

ಹಲಗೆಯ ಬಳಿ ಡೆಟ್ಲೆಫ್ ಕ್ನಾಪ್ ಎಂಬ ವಿದ್ಯಾರ್ಥಿ ಮೆರೆಯುತ್ತಿದ್ದ. ಒಂದು ವರ್ಗಸಂಖ್ಯೆಗೆ ಇನ್ನೊಂದು ವರ್ಗಸಂಖ್ಯೆಯ ಹದಿನಾಲ್ಕರಷ್ಟನ್ನು ಕೂಡಿಸಿದರೆ ಯಾವ ಅವಿಭಾಜ್ಯ ಸಂಖ್ಯೆಗಳು ಸಿಗುತ್ತವೆ ಎಂಬುದು ಅವನ ವಿಷಯ.

“ಇದರಲ್ಲೇನಿದೆ,” ಎಂದ. “ಐವತ್ತಾರರಿಂದ ಭಾಗಿಸಿ ಶೇಷ ನೋಡಿದ್ರೆ ಸಾಕು. ಹದಿನೈದು ಉಳೀತಾ, ಸಿಗುತ್ತೆ. ನೂರಿಪ್ಪತ್ತೇಳು ನೋಡಿ. ಒಂದು, ಜೊತೆಗೆ ಒಂಬತ್ತರ ಹದಿನಾಲ್ಕರಷ್ಟು.”

ಹದಿನಾಲ್ಕರ ಜಾಗದಲ್ಲಿ ಎರಡೋ ಮೂರೋ ಇದ್ದಾಗ ಶೇಷವೇ ಎಲ್ಲವನ್ನೂ ಹೇಳಿಬಿಡುತ್ತದೆ. ಆ ರುಚಿ ಹತ್ತಿದವರು ಮುಗ್ಗರಿಸುವುದು ಹದಿನಾಲ್ಕರಂಥ ಕಡೆಯಲ್ಲೇ. ಓಲ್ಡೆಕೊಪ್ ಅರೆಗಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಟೆಕ್ಲಾಳಿಗೆ ಮೈ ಉರಿಯಿತು. ಎದ್ದು ನಿಂತಳು.

“ಎಪ್ಪತ್ತೊಂದು ಸಿಗಲ್ಲ.”

ಬೆಂಚುಗಳ ಕೆಳಗೆ ಬೂಟುಗಳು ನೆಲ ಕೆರೆಯತೊಡಗಿದವು. ಆ ಹುಡುಗರು ಮೆಚ್ಚಿದರೆ ಮೇಜು ಕುಟ್ಟುತ್ತಾರೆ, ಮೆಚ್ಚದಿದ್ದರೆ ಹೀಗೆ.

“ಸಾಸೇಜು ತೂಗೋ ಲೆಕ್ಕ ಅಲ್ಲ ಇದು, ಫ್ರಾಯ್ಲೈನ್,” ಎಂದು ಕ್ನಾಪ್ ನಕ್ಕ.

“ಅಲ್ಲಿ ತಪ್ಪು ತೂಗಿದ್ರೆ ಗಿರಾಕಿ ಸುಮ್ನೆ ಬಿಡಲ್ಲ,” ಎಂದವಳೇ ಹೋಗಿ ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡಳು. ಬೂಟುಗಳ ಸದ್ದಿಗಿಂತ ದನಿ ಎತ್ತರಿಸಿದಳು. “ಎಪ್ಪತ್ತೊಂದಕ್ಕೂ ಶೇಷ ಹದಿನೈದೇ. ಹದಿನಾಲ್ಕು ಕಳೀರಿ, ಐವತ್ತೇಳು. ನಾಲ್ಕರ ಹದಿನಾಲ್ಕರಷ್ಟು ಐವತ್ತಾರು, ಅದನ್ನ ಕಳೀರಿ, ಹದಿನೈದು. ಎರಡೂ ವರ್ಗ ಅಲ್ಲ. ಮುಂದಿನದು ನೂರಿಪ್ಪತ್ತಾರು, ಎಪ್ಪತ್ತೊಂದನ್ನೇ ದಾಟ್ತು. ಇದು ಬೇರೆ ರೂಪದ್ದು: ಒಂದು ವರ್ಗದ ಎರಡರಷ್ಟು, ಇನ್ನೊಂದರ ಏಳರಷ್ಟು. ನಾಲ್ಕರ ಎರಡರಷ್ಟು ಎಂಟು, ಒಂಬತ್ತರ ಏಳರಷ್ಟು ಅರವತ್ತಮೂರು, ಕೂಡಿಸಿದ್ರೆ ಎಪ್ಪತ್ತೊಂದು. ಒಂದೇ ಶೇಷದ ಮನೇಲಿ ಎರಡು ಸಂಸಾರ ಇದೆ ಕ್ನಾಪ್ ಅವರೇ, ಬಾಗಿಲು ನೋಡಿ ಯಾರ ಮಗು ಅಂತ ಹೇಳಕ್ಕಾಗಲ್ಲ.”

ಬೂಟುಗಳು ನಿಂತವು. ಓಲ್ಡೆಕೊಪ್ ಪೂರ್ತಿ ಕಣ್ಣು ಬಿಟ್ಟು ಹಲಗೆ ನೋಡಿದರು.

“ಸರಿಯಾಗೇ ಇದೆ,” ಎಂದರು ಮೆತ್ತಗೆ. “ಕ್ನಾಪ್ ತಿದ್ದಿಕೊಂಡು ತನ್ನ ಹೆಸರಲ್ಲೇ ಪುಸ್ತಕಕ್ಕೆ ಬರೀಲಿ. ನೀವು ಹೋಗಿ ಕೂತ್ಕೊಳ್ಳಿ, ನಾನು ರುಜು ಹಾಕ್ತೀನಿ. ಏನೂ ಆಗಿಲ್ಲ ಅಂದ್ಕೊಳ್ಳೋಣ.”

ಗೋಷ್ಠಿಯಲ್ಲಿ ಮಾತಾಡಿದವರು ತಮ್ಮ ಮಾತಿನ ಸಾರವನ್ನು ಶಾಯಿಯಲ್ಲಿ ಬರೆದಿಡುವ ದಪ್ಪ ಪುಸ್ತಕ ಅದು. ಮುಂದೆ ಬರುವವರು ಅದನ್ನೇ ಓದಿ ಕಲಿಯುತ್ತಾರೆ. ಟೆಕ್ಲಾಳಿಗೆ ಆ ಹಿಂದಿನ ಬೆಂಚು ಬೇಕಿತ್ತು. ಆದರೂ ಮೇಜಿನ ಮೇಲಿದ್ದ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಮಾತಾಡಿದ್ದು ನಾನು.”

“ಬರೆದ್ರೆ ರುಜು ಇಲ್ಲ, ಫ್ರಾಯ್ಲೈನ್.”

“ಗೊತ್ತು.”

ನಿಂತುಕೊಂಡೇ ಬರೆದಳು: ಎಪ್ಪತ್ತೊಂದು, ಅದು ಸಿಗದ ಕಾರಣ, ಕೆಳಗೆ ತನ್ನ ಪೂರ್ತಿ ಹೆಸರು. ಕ್ನಾಪ್ ಹಾಳೆ ಹರಿಯಲು ಕೈ ಚಾಚಿದ.

“ಮುಟ್ಟಬೇಡ,” ಎಂದವರು ಓಲ್ಡೆಕೊಪ್. ಪುಟಗಳಿಗೆ ಅಂಕಿ ಹಾಕಿ, ಒಂದೂ ಹರಿಯಕೂಡದೆಂದು ನಿಯಮ ಮಾಡಿದವರು ಅವರೇ. ಅವರ ಮುಖ ಕೆಂಪಾಗಿತ್ತು.

ಟೆಕ್ಲಾ ಶಾಯಿ ಒಣಗುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ರುಜುವಿಲ್ಲದ ಪತ್ರವನ್ನು ಮೇಜಿನ ಮೇಲೆಯೇ ಬಿಟ್ಟು, ಎಲ್ಲರ ಎದುರಿಗೇ ನಡೆದು ಹೊರಗೆ ಹೋದಳು.