ತವರಿಗೆ ಹೋದರು

ಬಾಣಂತಿಗೆಂದು ತಂದಿಟ್ಟ ಕೊಬ್ಬರಿ ಬಸವಕ್ಕನ ಡಬ್ಬಿಯಲ್ಲೇ ಮುಗ್ಗಿತ್ತು. ಕೂಸಿಗೆಂದು ಒಗೆದ ಹಳೆಯ ಸೀರೆಗಳು ಮಡಿಸಿದಂತೆಯೇ ಇದ್ದವು.

ಮಗಳು ಲಕ್ಷ್ಮಿದೇವಿಯನ್ನು ಚೊಚ್ಚಲ ಹೆರಿಗೆಗೆ ಕರೆತರಲು ನಾಗಲದಿನ್ನೆಯಿಂದ ಪತ್ತಿಕೊಂಡದ ಕಡೆ ಹೋಗಿದ್ದಳು ಬಸವಕ್ಕ. ಹತ್ತಿ ಬಿಡಿಸಿ ಮುಗಿಯಲಿ, ಆಮೇಲೆ ಕರಕೊಂಡು ಹೋಗು ಎಂದ ಲಕ್ಷ್ಮಿದೇವಿ ಕೂಲಿಗಿದ್ದ ಹೊಲದ ಯಜಮಾನ. ಎಂಟನೇ ದಿನಕ್ಕೆ ಹತ್ತಿ ಸಾಲಿನಲ್ಲೇ ಲಕ್ಷ್ಮಿದೇವಿಗೆ ರಕ್ತ ಹೋಯಿತು. ಆ ಊರಿನ ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ. ಆದೋನಿಗೆ ಒಯ್ಯಿರಿ ಎಂದರು. ಗಾಡಿ ಬರುವಷ್ಟರಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ.

ಇದನ್ನೆಲ್ಲ ಈಶ್ವರಿ ಬರೆದುಕೊಂಡಿದ್ದಳು. ಬಡವರ ಆರೋಗ್ಯ ಮತ್ತು ಸರ್ಕಾರದ ನೀತಿ ಅವಳ ಎಂ.ಎ. ಪ್ರಬಂಧದ ವಿಷಯ. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ. ಮಂದಿಯನ್ನು ಕೇಳುವುದಕ್ಕಿಂತ ರಿಜಿಸ್ಟರು ಓದುವುದೇ ಅವಳಿಗೆ ಹಗುರ. ಆ ಆಸ್ಪತ್ರೆಯ ಬಸುರಿಯರ ರಿಜಿಸ್ಟರಿನಲ್ಲಿ ಲಕ್ಷ್ಮಿದೇವಿಯ ಹೆಸರಿನ ಮುಂದೆ ತೆಲುಗಿನಲ್ಲಿ ಬರೆದಿತ್ತು: ಹೆರಿಗೆಗೆ ತವರಿಗೆ ಹೋದರು. ತವರೂರಿನ ರಿಜಿಸ್ಟರಿನಲ್ಲಿ ಅವಳ ಹೆಸರೇ ಇಲ್ಲ. ಎರಡೂ ಕಡೆ ಅವಳು ಸತ್ತಿರಲಿಲ್ಲ. ಎರಡು ವರ್ಷದಲ್ಲಿ ಹೀಗೆ ಸತ್ತು, ರಿಜಿಸ್ಟರಿನಲ್ಲಿ ತವರಿಗೆ ಹೋದವರು ಏಳು ಮಂದಿ.

ಬರೆದವಳು ನರ್ಸ್ ನಾಗಜ್ಯೋತಿ. ಈಶ್ವರಿ ಕೇಳಿದಾಗ ತಲೆ ಎತ್ತಲಿಲ್ಲ. "ನಾನು ಕಾಂಟ್ರಾಕ್ಟಿನಾಕಿ ಅಮ್ಮಾ. ಸಾರು ಹೇಳಿದಂಗ ಬರದೀನಿ."

ಆ ಸಾರು ಆರೋಗ್ಯಾಧಿಕಾರಿ ಲಕ್ಷ್ಮಿಕಾಂತ್. ಆಸ್ಪತ್ರೆಯ ಲೆಕ್ಕ ಬಳಸಿದ್ದರಿಂದ ಅವರ ಸಹಿ ಇಲ್ಲದೆ ಯೂನಿವರ್ಸಿಟಿ ಪ್ರಬಂಧ ತೆಗೆದುಕೊಳ್ಳುವುದಿಲ್ಲ. ಗುರುವಾರವೇ ಕೊನೆಯ ದಿನ.

"ಚೂಡಮ್ಮಾ, ಇಲ್ಲಿ ನೋಡು, ಆ ಏಳು ಮಂದಿಯ ನಾಕನೇ ಅಧ್ಯಾಯ ತೆಗಿ. ಬುಧವಾರ ಬಾ, ಸೈನ್ ಹಾಕ್ತೀನಿ," ಎಂದರು ಅವರು ಮೆತ್ತಗೆ. "ಇಲ್ಲಾಂದ್ರ ಸುಳ್ಳು ಬರದಾಳಂತ ಯೂನಿವರ್ಸಿಟಿಗೆ ನಾನೇ ಬರೀತೀನಿ."

ಮನೆಯಲ್ಲಿ ಮೊದಲ ಸಲ ಇಷ್ಟು ಓದಿದವಳು ಈಶ್ವರಿ. ಅಧ್ಯಾಯ ತೆಗೆಯುವುದೆಂದು ನಿಶ್ಚಯಿಸಿಯೇ ಬಸವಕ್ಕನ ಮನೆಗೆ ಹೋದಳು. ತಪ್ಪಾಯಿತು ಎನ್ನಲು ಹೋದವಳು, ರಿಜಿಸ್ಟರಿನಲ್ಲಿ ಬರೆದದ್ದನ್ನು ಹೇಳಿಬಿಟ್ಟಳು.

ಬಸವಕ್ಕ ಕೊಬ್ಬರಿಯ ಡಬ್ಬಿ ಬದಿಗೆ ಸರಿಸಿದಳು.

"ನನ್ನ ಮನಿಗೆ ಬಂದಾಳಂತ ಬರದಾರಾ?"

"ಹೂಂ, ಬಸವಕ್ಕಾ."

"ಉಳದ ಆರು ಮಂದಿ ತಾಯಂದ್ರು ಯಾವ್ಯಾವ ಊರಾಗ ಅದಾರ, ಹೇಳು."

ಬುಧವಾರ ಆಸ್ಪತ್ರೆಯಲ್ಲಿ ಸೂಜಿ ಹಾಕುವ ದಿನ. ಕೂಸುಗಳನ್ನು ಎತ್ತಿಕೊಂಡ ಬಾಣಂತಿಯರ ಸಾಲಿನಲ್ಲಿ ಏಳು ಮಂದಿ ಮುದುಕಿಯರು ಬರಿಗೈಯಲ್ಲಿ ನಿಂತಿದ್ದರು, ಅವರ ಪಕ್ಕದಲ್ಲಿ ಈಶ್ವರಿ. ಸಾಲು ಸರಿಯುತ್ತ ಬಸವಕ್ಕ ಮೇಜಿನ ಮುಂದೆ ಬಂದಳು.

"ಯಾರಮ್ಮಾ ನೀವು? ಕೂಸು ಎಲ್ಲಿ?" ಎಂದರು ಲಕ್ಷ್ಮಿಕಾಂತ್.

"ಅದನ್ನ ಕೇಳಾಕ ಬಂದೀವ್ರಿ. ನೀವು ಬರದ ತವರು ನಾವ ರೀ. ನಮ್ಮ ಮಕ್ಕಳು ಯಾರ ಮನಿಗೆ ಬಂದಾರ, ತೋರಸ್ರಿ."

ಸಾಲಿನಲ್ಲಿದ್ದ ಬಾಣಂತಿಯರ ಮಾತು ನಿಂತಿತು. ಒಬ್ಬಳು ರಿಜಿಸ್ಟರಿನತ್ತ ಬಗ್ಗಿ, ತನ್ನ ಹೆಸರಿನ ಮುಂದೆ ಏನು ಬರೆದಿದೆ ಎಂದು ಕೇಳಿದಳು. ಹಿಂದಿನವಳೂ ಕೇಳಿದಳು. ಲಕ್ಷ್ಮಿಕಾಂತ್ ರಿಜಿಸ್ಟರು ಮುಚ್ಚಹೋದರು. ನಾಗಜ್ಯೋತಿ ಅದರ ಮೇಲಿಟ್ಟ ಕೈ ತೆಗೆಯಲಿಲ್ಲ.

ಅವರು ಈಶ್ವರಿಯತ್ತ ತಿರುಗಿದರು. "ನಿನಗ ಸೈನ್ ಬೇಕೋ, ಬ್ಯಾಡೋ?"

ಈಶ್ವರಿ ಪ್ರಬಂಧವನ್ನು ಮೇಜಿನ ಮೇಲಿಟ್ಟಳು. "ಬೇಕ್ರಿ ಸಾರ್," ಎಂದಳು. "ನಾಕನೇ ಅಧ್ಯಾಯದ ಮ್ಯಾಲೆ."

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

ಈಶ್ವರಿ ಮುದುಕಿಯರ ನಡುವೆ ನೆಲದ ಮೇಲೆ ಕೂತು, ಪುಸ್ತಕ ಬಿಚ್ಚಿ, ಎಲ್ಲರಿಗೂ ಕೇಳುವಂತೆ ಅಂದಳು:

"ಬಸವಕ್ಕಾ, ಮೊದಲು ನಿನ್ನ ಮಗಳ ಹೆಸರು ಹೇಳು."